ಬೀರನ ಬಲಗೈ

ಬೀರನ ಅಪ್ಪ ಹೆಗ್ಗಡದೇವನಕೋಟೆಯ ಕಡೆಯವನು. ಒಂದು ವರ್ಷ ಕಾಫಿ ಪಿಕ್ಕಿಂಗ್‌ಗೆಂದು ಪಾಲಿಬೆಟ್ಟಕ್ಕೆ ಬಂದವನು ಎಸ್ಟೇಟಿನ ಲೈನ್ ಮನೆಯಲ್ಲೇ ಉಳಿದುಬಿಟ್ಟ. ಬೀರ ಹುಟ್ಟಿದ್ದೂ ಅಲ್ಲೇ, ಬೆಳ್ಳಿಯನ್ನು ಮದುವೆಯಾದದ್ದೂ ಅಲ್ಲೇ. ನೆರಳುಮರ ಹತ್ತಿ ಕೊಂಬೆ ಸವರುವುದು ಅವನ ಕೆಲಸ. ಒಂದು ಕೈಯಲ್ಲಿ ಮರ ಅಪ್ಪಿಕೊಂಡು ಇನ್ನೊಂದು ಕೈಯನ್ನು ತಲೆಯ ಮೇಲೆತ್ತಿ ಕತ್ತಿ ಬೀಸಿದನೆಂದರೆ, ತೊಡೆಗಾತ್ರದ ಕೊಂಬೆ ಕೂಡ ಎರಡನೇ ಏಟಿಗೆ ಕಾಯುತ್ತಿರಲಿಲ್ಲ. ಅವು ಬ್ರಿಟಿಷರು ಕೊಡಗನ್ನು ಆಳುತ್ತಿದ್ದ ಕಾಲದ ಕೊನೆಕೊನೆಯ ವರ್ಷಗಳು. ಎಸ್ಟೇಟಿನ ಬಿಳಿ ದೊರೆಯ ಬಂಗಲೆ ಗುಡ್ಡದ ಮೇಲಿತ್ತು, ಆಳುಗಳ ಮನೆಸಾಲಾದ ಲೈನ್ ಕೆಳಗೆ ಹರಿಯುವ ತೋಡಿನ ಪಕ್ಕದಲ್ಲಿತ್ತು. ಇವೆರಡರ ನಡುವೆ ಕಾಫಿ ಒಣಗಿಸುವ ದೊಡ್ಡ ಕಣವಿತ್ತು.

ಆ ಕಣಕ್ಕೆ ವಾಲಿಬಾಲ್ ತಂದವನು ಎಸ್ಟೇಟಿನ ಲೆಕ್ಕ ಬರೆಯಲು ಬಂದ ಹೊಸ ರೈಟರ್ ವೆಂಕಟಕೃಷ್ಣ. ಮಡಿಕೇರಿಯ ಪುರೋಹಿತರೊಬ್ಬರ ಮಗ. ಮಂಗಳೂರಿನ ಕಾಲೇಜಿಗೆ ಹೋಗಿ, ಓದನ್ನು ಅರ್ಧಕ್ಕೆ ಬಿಟ್ಟು ಆಟವನ್ನು ಮಾತ್ರ ಪೂರ್ತಿ ಕಲಿತು ಬಂದಿದ್ದ. ಕೊಯ್ಲು ಮುಗಿದು, ಒಣಗಿದ ಕಾಫಿಯೆಲ್ಲ ಮೂಟೆಯಾಗಿ ಲಾರಿ ಹತ್ತಿದ ಮೇಲೆ ಕಣ ಬರಿದಾಯಿತು. ರೈಟರ್ ಎರಡು ಬಿದಿರಿನ ಕಂಬ ನೆಡಿಸಿದ, ಗೋಣಿದಾರದಲ್ಲಿ ಹೆಣೆಸಿದ ಬಲೆಯನ್ನು ಕಟ್ಟಿಸಿದ, ತನ್ನ ಟ್ರಂಕಿನಿಂದ ಒಂದು ಚರ್ಮದ ಚೆಂಡು ತೆಗೆದ. ಆಳುಗಳು ಸಂಜೆ ಸಾರಾಯಿ ಅಂಗಡಿಗೆ ಹೋಗುವುದಕ್ಕಿಂತ ಇದು ವಾಸಿ ಎಂದು ದೊರೆಯೂ ಸುಮ್ಮನಿದ್ದ.

"ಚೆಂಡು ನೆಲಕ್ಕೆ ಬೀಳಬಾರದು, ಬಲೆ ದಾಟಿಸಬೇಕು, ಆಚೆಯವರ ನೆಲಕ್ಕೆ ಬೀಳಿಸಬೇಕು. ಇಷ್ಟೇ ಆಟ," ಎಂದ ರೈಟರ್.

"ಹಿಂಗೆ ಹೊಡೀಬೌದಾ ಸ್ವಾಮಿ?" ಎಂದು ಕೇಳಿದ ಬೀರ, ಉತ್ತರಕ್ಕೆ ಕಾಯದೆ ನೆಗೆದು, ಕೊಂಬೆ ಸವರುವ ಹಾಗೆಯೇ ಕೈ ಬೀಸಿದ. ಚೆಂಡು ಬಲೆಯ ಮೇಲಿಂದ ಇಳಿದು ಕಣದ ಗಾರೆಗೆ ಬಡಿದು ಪುಟಿದು ಕಾಫಿ ಗಿಡಗಳ ನಡುವೆ ಎಲ್ಲೋ ಮಾಯವಾಯಿತು. ಎಲ್ಲರೂ ಸೇರಿ ಹುಡುಕಿ ತರುವಷ್ಟರಲ್ಲಿ ಹೊತ್ತು ಮುಳುಗಿತ್ತು. ಮೊದಲ ದಿನದ ಆಟ ಅಲ್ಲಿಗೇ ಮುಗಿಯಿತು.

ಅಂದಿನಿಂದ ಬೀರನಿಗೆ ಅದೊಂದು ಹುಚ್ಚು ಹಿಡಿಯಿತು. ಬೆಳಗಿನಿಂದ ಮರದ ಮೇಲೆ ಕತ್ತಿ, ಸಂಜೆ ಕಣದಲ್ಲಿ ಚೆಂಡು. ಆ ವರ್ಷ ಮಳೆ ಹಿಡಿಯುವ ಮುಂಚೆ ಮೂರ್ನಾಡಿನವರ ಜೊತೆ ಪಂದ್ಯವಾಯಿತು. ಅಲ್ಲಿನ ಅಂಗಡಿಯವರೂ ಮೇಷ್ಟ್ರುಗಳೂ ಸೇರಿ ಕಟ್ಟಿಕೊಂಡಿದ್ದ ತಂಡ ಅದು. ಬೀರನ ಹೊಡೆತಕ್ಕೆ ಅವರು ತತ್ತರಿಸಿಹೋದರು. ಪಂದ್ಯ ಮುಗಿದ ಮೇಲೆ ಅವರ ಮುಖಂಡ, ಡ್ರಿಲ್ ಮೇಷ್ಟ್ರು ನಾಗೇಶ್ವರ, ಬೀರನ ಬಲಗೈಯನ್ನು ಹಿಡಿದು ತಿರುಗಿಸಿ ನೋಡಿ, "ಇದು ಕೈಯಾ, ಒನಕೆಯಾ ಮಾರಾಯ?" ಎಂದು ನಕ್ಕರು. ಆ ಮಾತು ಪಾಲಿಬೆಟ್ಟದ ಲೈನ್‌ಗಳಲ್ಲಿ ಮನೆಮಾತಾಯಿತು. ಬೀರ ಸಂತೆಗೆ ಹೋದರೆ ಗುರುತಿಲ್ಲದವರೂ ಕೈ ಮುಟ್ಟಿ ನೋಡುತ್ತಿದ್ದರು.

ಮಳೆಗಾಲದಲ್ಲಿ ಉಳಿದವರು ಆಟ ಮರೆತರು. ಬೀರ ಮರೆಯಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಗೋಡೆಗೆ ಚೆಂಡು ಹೊಡೆಯುತ್ತ ಮಳೆಗಾಲ ಕಳೆದ. ಕೊಯ್ಲಿನ ದಿನಗಳಲ್ಲೂ ಮೂಟೆ ಹೊತ್ತು ಮುಗಿಸಿ ಅದೇ ಗೋಡೆಯ ಮುಂದೆ ನಿಲ್ಲುತ್ತಿದ್ದ.

"ಆ ಗೋಡೆ ನಿಂಗೇನು ಅನ್ಯಾಯ ಮಾಡ್ತು?" ಎಂದು ಬೆಳ್ಳಿ ಕೇಳುತ್ತಿದ್ದಳು.

"ಮುಂದಿನ್ ಕಿತ ಮೂರ್ನಾಡ್ನೋರು ಬಲೆ ಹತ್ರಕ್ಕೂ ಬರಬಾರ್ದು, ಹಂಗ್ ಹೊಡೀತೀನಿ ನೋಡ್ತಿರು," ಎನ್ನುತ್ತಿದ್ದ ಬೀರ.

ಮತ್ತೆ ಕಣ ಬರಿದಾದಾಗ, ಎಲ್ಲರಿಗಿಂತ ಮೊದಲು ಹೋಗಿ ನಿಂತವನು ಅವನೇ. ರೈಟರ್ ಚೆಂಡನ್ನು ಎತ್ತಿಕೊಟ್ಟ. ಬೀರ ನೆಗೆದ, ಕೈ ಬೀಸಿದ. ಚೆಂಡು ಬಲೆಗೆ ಬಡಿದು, ಸುಸ್ತಾದ ಕೋಳಿಯ ಹಾಗೆ ಅವನ ಕಾಲ ಬಳಿಯೇ ಬಿತ್ತು. ಮತ್ತೊಮ್ಮೆ ಎತ್ತಿಕೊಟ್ಟರೂ ಅದೇ ಕತೆ. ನೋವಿಲ್ಲ, ಊತವಿಲ್ಲ, ಉಳುಕಿದ ನೆನಪೂ ಇಲ್ಲ. ಕೈಯಲ್ಲಿ ಬಲವೇ ಇಲ್ಲ, ಅಷ್ಟೆ.

ಮರದ ಮೇಲೂ ಹಾಗೆಯೇ ಆಗತೊಡಗಿತು. ಮೊದಲ ಏಟಿಗೆ ಉರುಳುತ್ತಿದ್ದ ಕೊಂಬೆ ಈಗ ಗಾಯ ಮಾಡಿಕೊಂಡು ಅಲ್ಲೇ ನಿಲ್ಲುತ್ತಿತ್ತು. ತಲೆಗೆ ವಸ್ತ್ರ ಸುತ್ತಿಕೊಳ್ಳುವಾಗ ಬಲಗೈ ಅರ್ಧಕ್ಕೇ ಸೋಲುತ್ತಿತ್ತು. ಬೀರ ಯಾರಿಗೂ ಹೇಳಲಿಲ್ಲ. ಆದರೆ ಬೆಳ್ಳಿಯಿಂದ ಮುಚ್ಚಿಡಲು ಸಾಧ್ಯವೇ? ಒಂದು ಭಾನುವಾರ ಸ್ನಾನಕ್ಕೆ ಮುಂಚೆ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದವಳ ಕೈ ತಟ್ಟನೆ ನಿಂತಿತು.

"ಇಲ್ಲೇನ್ ಇದು? ಗುಳಿ ಬಿದ್ದದಲ್ಲ!"

"ಎಲ್ಲಿ?"

"ಬಲಗಡೆ, ಹೆಗಲ ಮೂಳೆ ಕೆಳಗೆ. ಎಡಗಡೆ ತುಂಬ್ಕಂಡದೆ, ಇಲ್ಲಿ ಮಾತ್ರ ನನ್ ಹೆಬ್ಬೆಟ್ಟು ಕುಂತ್ಕತದೆ. ಎಣ್ಣೆ ಹುಯ್ದ್ರೆ ನಿಲ್ತದೆ ನೋಡು."

ಬೀರ ಕುತ್ತಿಗೆ ತಿರುಗಿಸಿ ತಿರುಗಿಸಿ ನೋಡಿದ. ತನ್ನ ಬೆನ್ನು ತನಗೆ ಕಾಣುವುದುಂಟೇ? ಎಡಗೈಯನ್ನು ಹಿಂದಕ್ಕೆ ಚಾಚಿ ಮುಟ್ಟಿಕೊಂಡಾಗಲೇ ಗೊತ್ತಾದದ್ದು. ಅಲ್ಲಿ ಇರಬೇಕಾದ ಖಂಡ ಇರಲೇ ಇಲ್ಲ.

ಸುದ್ದಿ ಲೈನ್ ತುಂಬ ಹಬ್ಬಿತು. ಎಸ್ಟೇಟಿನ ಕಂಪೌಂಡರ್ ಮುಟ್ಟಿ ನೋಡಿ, ಜ್ವರವಿಲ್ಲ ಎಂದು ಹೇಳಿ, ಅಯೋಡಿನ್ ಬಳಿದು ಕಳಿಸಿದ. ಮೇಸ್ತ್ರಿ ಚೋಮ ಎಲ್ಲಿಂದಲೋ ಕರಡಿಯ ಕೊಬ್ಬು ತಂದ. ಕೂಲಿಗಳ ಹಾಜರಿ ಕೂಗುವ ಗಟ್ಟಿ ಗಂಟಲಿನ ಮನುಷ್ಯ ಅವನು. ಬೀರನೆಂದರೆ ಅವನಿಗೆ ಪ್ರಾಣ. ಆ ಕೊಬ್ಬನ್ನು ಹಚ್ಚಿಕೊಂಡದ್ದರಿಂದ ಕೈಗೇನೂ ಆಗಲಿಲ್ಲ. ಲೈನಿನ ನಾಯಿಗಳೆಲ್ಲ ಬೀರನ ಹಿಂದೆ ಬಿದ್ದವು. ಅವನು ಮರ ಹತ್ತಿದರೆ ಅವು ಬುಡದಲ್ಲಿ ಕುಳಿತು ಮೇಲೆ ನೋಡುತ್ತ ಕಾಯುತ್ತಿದ್ದವು. ಬೆಳ್ಳಿ ಮೂಗು ಮುಚ್ಚಿಕೊಂಡು, "ಕೈ ಸರಿ ಹೋಗೋಗಂಟ ನೀ ಜಗಲಿ ಮೇಲೆ ಮಲಿಕ್ಕೊ," ಎಂದುಬಿಟ್ಟಳು.

ಅಷ್ಟರಲ್ಲಿ ಮೂರ್ನಾಡಿನಿಂದ ಮಾತು ಬಂತು: ಮಳೆಗೆ ಮುಂಚೆ ಇನ್ನೊಂದು ಪಂದ್ಯ ಆಗಲಿ, ಈ ಸಲ ನಾವೇ ಪಾಲಿಬೆಟ್ಟಕ್ಕೆ ಬರುತ್ತೇವೆ. ಚೋಮನಿಗೆ ತಕ್ಷಣ ಎಲ್ಲವೂ ಹೊಳೆದುಹೋಯಿತು.

"ಗೊತ್ತಾಯ್ತಾ? ಅವ್ರೇ ಮಾಟ ಮಾಡ್ಸವ್ರೆ. ಆ ಡ್ರಿಲ್ ಮೇಷ್ಟ್ರು ಹೋದ್ಸಲ ನಿನ್ ಕೈ ಹಿಡ್ಕಂಡು ತಿರುಗ್ಸಿ ನೋಡಿದ್ದು ಸುಮ್ಕೇನಾ? ಒನಕೆ ಅಂತ ಯಾಕಂದ? ಈಗ ನೋಡು, ಒನಕೆ ಸವ್ದು ಕಡ್ಡಿ ಆಗದೆ!"

ಬೀರ ಮೊದಲು ನಂಬಲಿಲ್ಲ. ಆದರೆ ನೋವಿಲ್ಲದೆ ಬಲ ಹೋಗುವುದಕ್ಕೆ ಬೇರೆ ಕಾರಣ ಅವನಿಗೂ ತೋಚಲಿಲ್ಲ. ಕೊನೆಗೆ ಒಂದು ದಿನ ರಜ ಕೇಳಿ, ವಿರಾಜಪೇಟೆಯವರೆಗೆ ಎಸ್ಟೇಟಿನ ಲಾರಿಯಲ್ಲಿ ಹೋಗಿ, ಅಲ್ಲಿಂದ ನಡೆದು, ಬೇತ್ರಿಯಲ್ಲಿ ಕಾವೇರಿ ದಾಟಿ ಮೂರ್ನಾಡು ಸೇರಿದ. ದಾರಿಯುದ್ದಕ್ಕೂ ಮೇಷ್ಟ್ರಿಗೆ ಹೇಳಬೇಕಾದ ಮಾತನ್ನು ಹೊಂದಿಸಿಕೊಂಡ. ವಿರಾಜಪೇಟೆ ಬಿಟ್ಟಾಗ ಅದು ಬೈಗುಳವಾಗಿತ್ತು. ಹೊಳೆ ದಾಟುವಾಗ ದೂರಾಯಿತು. ಮೇಷ್ಟ್ರ ಮನೆಯ ತಡಮೆ ದಾಟುವಷ್ಟರಲ್ಲಿ ಬೇಡಿಕೆಯಾಗಿಬಿಟ್ಟಿತ್ತು.

ಅಂಗಳದಲ್ಲಿ ಮೇಷ್ಟ್ರ ಹೆಂಡತಿ ವಾರಿಜಾಕ್ಷಮ್ಮ ಹಪ್ಪಳ ಒಣಗಿಸುತ್ತಿದ್ದರು.

"ಯಾರಪ್ಪ? ಎಂತ ಬೇಕಿತ್ತು?"

"ಪಾಲಿಬೆಟ್ಟದ ಬೀರ ಕಣವ್ವ. ಮೇಷ್ಟ್ರ ಹತ್ರ ಒಂದ್ ಮಾತದೆ."

"ಓ, ಒನಕೆ ಕೈಯ ಬೀರನಾ? ನಮ್ಮವರು ವರ್ಷವಿಡೀ ನಿನ್ನದೇ ಪುರಾಣ ಹೇಳ್ತಾರೆ. ಕೂತ್ಕೊ, ಬಚ್ಚಲಲ್ಲಿದ್ದಾರೆ, ಈಗ ಬರ್ತಾರೆ."

ಬೀರ ಜಗಲಿ ಹತ್ತಲಿಲ್ಲ; ಆ ಕಾಲದಲ್ಲಿ ಅವನಂಥವರು ಅಂಥ ಮನೆಯ ಜಗಲಿ ಹತ್ತುತ್ತಿರಲಿಲ್ಲ. ಅಂಗಳದ ಅಂಚಿನಲ್ಲಿ, ಹಲಸಿನ ಮರದ ಕೆಳಗೆ ನಿಂತ. ಸ್ವಲ್ಪ ಹೊತ್ತಿಗೆ ನಾಗೇಶ್ವರ ಮೇಷ್ಟ್ರು ಸೊಂಟಕ್ಕೊಂದು ಪಂಚೆ ಸುತ್ತಿಕೊಂಡು, ತಲೆ ಒರೆಸುತ್ತ ಹೊರಗೆ ಬಂದವರು, ಇವನನ್ನು ಗಮನಿಸದೆ ಬೆನ್ನು ತಿರುಗಿಸಿ ಒದ್ದೆ ವಸ್ತ್ರವನ್ನು ದಾರದ ಮೇಲೆ ಹಾಕತೊಡಗಿದರು.

ಬೀರನಿಗೆ ಹೊಂದಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಮೇಷ್ಟ್ರ ಬಲ ಹೆಗಲ ಹಿಂದೆ, ಮೂಳೆಯ ಕೆಳಗೆ, ಹೆಬ್ಬೆರಳು ಕೂರುವಂಥ ಗುಳಿ ಇತ್ತು.

"ಅಯ್ಯೋ ಮೇಷ್ಟ್ರೇ," ಎಂದು ಕೂಗಿಯೇಬಿಟ್ಟ ಬೀರ, "ನಿಮ್ಗೆ ಯಾರ್ ಮಾಟ ಮಾಡ್ಸಿದ್ರು?"

ಮೇಷ್ಟ್ರು ಬೆಚ್ಚಿ ತಿರುಗಿದರು. ಬೀರ ತನ್ನ ಅಂಗಿ ಬಿಚ್ಚಿ ಬೆನ್ನು ತೋರಿಸಿದ. ಮೇಷ್ಟ್ರು ಅಂಗಳಕ್ಕೆ ಇಳಿದು ಬಂದು ಆ ಗುಳಿಗೆ ಬೆರಳಿಟ್ಟು ಒತ್ತಿದರು. "ಕೈಯನ್ನು ಹೀಗೆ ಮಡಿಸು. ಈಗ ಹೊರಗಡೆಗೆ ನೂಕು, ನಾನು ತಡೀತೇನೆ," ಎಂದರು. ಬೀರನ ಕೈ ಅಲುಗಲಿಲ್ಲ. ಮಾಟದ ಮಾತು ಈಗ ಅರ್ಥವಾಗಿ ಮೇಷ್ಟ್ರಿಗೆ ನಗು ಬಂತು; ಬರಬರುತ್ತ ಜೋರಾಯಿತು. ಬೀರ ಪಿಳಿಪಿಳಿ ನೋಡಿದ.

"ಈಗ ತಾನೇ ಸ್ನಾನ ಆಯ್ತು, ಮತ್ತೆ ನೀರು ಕಾಯಿಸ್ಬೇಕಾ?" ಎಂದು ವಾರಿಜಾಕ್ಷಮ್ಮ ಹಪ್ಪಳದ ಕಡೆಯಿಂದ ಕೇಳಿದರು.

"ಬೇಡ ಮಾರಾಯ್ತಿ. ಆಟದಲ್ಲಿ ಮೈಗೆ ಮೈ ತಾಗುವಾಗ ಇಲ್ಲದ ಮಡಿ ಅಂಗಳದಲ್ಲಿ ಎಂತಕ್ಕೆ? ಇವನಿಗೆ ತಿನ್ನಲಿಕ್ಕೆ ಏನಾದ್ರೂ ತಾ. ಪಾಲಿಬೆಟ್ಟದಿಂದ ಬಂದಿದ್ದಾನೆ."

ಮೇಷ್ಟ್ರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತರು, ಬೀರನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು. ಮದ್ರಾಸಿನಲ್ಲಿ ಡ್ರಿಲ್ ಕಲಿಯುವಾಗ ತಾನೂ ಬೀರನ ಹಾಗೆಯೇ ಹಗಲಿರುಳು ಹೊಡೆಯುತ್ತಿದ್ದೆ, ಒಂದು ದಿನ ಚೆಂಡು ಬಲೆ ದಾಟುವುದನ್ನೇ ನಿಲ್ಲಿಸಿತು ಎಂದರು.

"ಅಲ್ಲಿನ ಡಾಕ್ಟರು ಹೇಳಿದ್ರು, ಹೆಗಲ ಹಿಂದೆ ಒಂದು ನರ ಉಂಟಂತೆ. ಕೈ ಎತ್ತಿ ಎತ್ತಿ ಬೀಸಿದ್ರೆ ಅದು ಎಳೆದೆಳೆದು ಸೊರಗ್ತದೆ. ನರ ಸೊರಗಿದ್ರೆ ಅದನ್ನು ನಂಬಿದ ಖಂಡವೂ ಬತ್ತಿಹೋಗ್ತದೆ. ನೋವಿಲ್ಲ, ಹಾಗಾಗಿ ನಮಗೆ ಗೊತ್ತೇ ಆಗುವುದಿಲ್ಲ. ನೀನು ಹಗಲಿಡೀ ಮರದ ಮೇಲೂ ಅದೇ ಕೈ ಬೀಸ್ತೀಯಲ್ಲ?"

"ಹೂಂ ಮೇಷ್ಟ್ರೇ."

"ಮತ್ತೆ? ಮಾಟ ಮಾಡಿಸಿದವನು ನೀನೇ ಆಯ್ತಲ್ಲ!"

ವಾರಿಜಾಕ್ಷಮ್ಮ ಬಾಳೆಲೆಯಲ್ಲಿ ಕಡುಬು, ಬೆಲ್ಲ ತಂದಿಟ್ಟರು. ತಿನ್ನುತ್ತ ಬೀರ ಮೆಲ್ಲಗೆ ಕೇಳಿದ: "ಮತ್ತೆ ಬಲ ಬತ್ತದಾ?"

"ಮುಕ್ಕಾಲು ಬರ್ತದೆ, ಬೀಸುವುದನ್ನು ಬಿಟ್ರೆ. ಮರ ಬಿಡು, ಹೊಡೆತ ಬಿಡು. ನಾನು ಹೊಡೆಯುವುದನ್ನು ಬಿಟ್ಟು ಎತ್ತಿಕೊಡುವವನಾದೆ. ಹೋದ ವರ್ಷ ನಮ್ಮ ಕಡೆ ಒಂದು ಹೊಡೆತವಾದ್ರೂ ನಾನು ಹೊಡೆದದ್ದು ನೋಡಿದ್ದೀಯಾ?"

ಬೀರ ನೆನಪು ಮಾಡಿಕೊಂಡ. ನಿಜ. ಆ ದಿನ ಮೇಷ್ಟ್ರು ಬಲೆಯ ಬಳಿ ನಿಂತು ಬೆರಳ ತುದಿಯಲ್ಲಿ ಚೆಂಡನ್ನು ಎತ್ತಿ ಎತ್ತಿ ಕೊಡುತ್ತಿದ್ದರು, ಅಷ್ಟೆ. ಆದರೆ ಅವರು ಕೊಟ್ಟದ್ದಕ್ಕೇ ಮೂರ್ನಾಡಿನವರು ಅಷ್ಟಾದರೂ ಆಡಿದ್ದು.

ಹೊರಡುವಾಗ ಮೇಷ್ಟ್ರು ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಕೊಟ್ಟು, ಅದನ್ನು ಕಂಬಕ್ಕೆ ಕಟ್ಟಿ, ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ದಿನಾ ಸ್ವಲ್ಪ ಸ್ವಲ್ಪ ಹೊರಗೆ ಎಳೆಯಲು ತೋರಿಸಿಕೊಟ್ಟರು.

ಊರಿಗೆ ಬಂದ ಬೀರ ಚೋಮನಿಗೆ ನಡೆದದ್ದನ್ನು ಹೇಳಿದ. ಮೂರ್ನಾಡಿನವರ ಮೇಲೆ ಏರಿಹೋಗಲು ಜನ ಕೂಡಿಸುತ್ತಿದ್ದ ಚೋಮನಿಗೆ ಸ್ವಲ್ಪ ನಿರಾಸೆಯೇ ಆಯಿತು. "ಹಂಗಾದ್ರೆ ಯಾರ್ಗೂ ಹೊಡೆಯಂಗಿಲ್ವಾ?" ಎಂದ. ರೈಟರ್ ವೆಂಕಟಕೃಷ್ಣ ಮಾತ್ರ ಯೋಚನೆ ಮಾಡಿ, "ಮರದ ಕೆಲಸ ಬಿಡು. ನರ್ಸರಿಗೆ ಹಾಕ್ತೇನೆ," ಎಂದ.

ಬೀರನ ಮುಖ ಸಪ್ಪಗಾಯಿತು. ಕಾಫಿ ಸಸಿಗಳನ್ನು ಬೆಳೆಸುವ ನರ್ಸರಿ ಹೆಂಗಸರ ಪಾಳ್ಯ. ಅಲ್ಲಿ ಎಲ್ಲರಿಗೂ ಕೆಲಸ ಹೇಳಿಕೊಡುತ್ತಿದ್ದವಳು ಅವನ ಹೆಂಡತಿ ಬೆಳ್ಳಿಯೇ.

ಮರುದಿನ ಬೆಳಿಗ್ಗೆ ಅವನು ತಲೆ ತಗ್ಗಿಸಿಕೊಂಡು ನರ್ಸರಿಗೆ ಹೋದಾಗ ಬೆಳ್ಳಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು.

"ಹೊಸ ಆಳಾ? ಯಾವೂರಪ್ಪಾ ನಿಂದು?"

ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ಬೀರನಿಗೂ ನಗದೆ ಇರಲಾಗಲಿಲ್ಲ.

"ನಿಮ್ ಮನೆಯೋನೇ ಕಣವ್ವ. ಕೆಲ್ಸ ಹೇಳ್ಕೊಡಿ," ಎಂದ.

ಮೊದಮೊದಲು ಅವನು ಮುಟ್ಟಿದ ಸಸಿಯೆಲ್ಲ ಮುರಿಯಿತು. "ಕೊಂಬೆ ಅಲ್ಲ ಕಣೋ ಅದು, ಕೂಸು!" ಎಂದು ಬೆಳ್ಳಿ ಗದರುತ್ತಿದ್ದಳು. ಬೇರಿನ ಮಣ್ಣು ಒಡೆಯದ ಹಾಗೆ ಹತ್ತು ಬೆರಳಲ್ಲಿ ಎತ್ತುವುದನ್ನು ನಿಧಾನವಾಗಿ ಕಲಿತ. ಸಂಜೆ ಲೈನಿನ ಕಂಬಕ್ಕೆ ಟ್ಯೂಬು ಕಟ್ಟಿ ಎಳೆಯುತ್ತ ನಿಂತರೆ, ಹೋಗಿ ಬರುವವರು, "ಬೀರ ಕಂಬದ ಹಾಲು ಕರೀತಾವ್ನೆ. ಎಷ್ಟ್ ಕೊಡ್ತದೋ?" ಎಂದು ಕೇಳಿಕೊಂಡು ಹೋಗುತ್ತಿದ್ದರು.

ಇನ್ನು ಪಂದ್ಯದ ಮಾತು. ಬೀರ ಎತ್ತಿಕೊಡುವುದಾದರೆ ಹೊಡೆಯುವವರು ಯಾರು? ಪಲ್ಪರ್ ಮನೆಯಲ್ಲಿ ಪಾಪ ಎಂಬೊಬ್ಬನಿದ್ದ. ಎಸ್ಟೇಟಿಗೆಲ್ಲ ಎತ್ತರದ ಆಳು, ಬಾಗಿಲಲ್ಲಿ ಬಗ್ಗಿಯೇ ಬರಬೇಕು. ಆದರೆ ಚೆಂಡು ಹತ್ತಿರ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅವನು ಆಟಕ್ಕೆ ಬಂದದ್ದೇ ಬಲೆ ಕಟ್ಟಲು, ಏಣಿ ಬೇಡವಲ್ಲ ಎಂದು.

"ನೀ ಕಣ್ಮುಚ್ಕೊ, ಪರ್ವಾಗಿಲ್ಲ. ನಾ 'ಹೂಂ' ಅಂದ್ ತಕ್ಷಣ ನೆಗೆದು ಕೈ ಬೀಸು. ಚೆಂಡು ಅಲ್ಲೇ ಇರ್ತದೆ," ಎಂದ ಬೀರ.

ಪಾಪ ನಂಬಲಿಲ್ಲ. ಆದರೂ ಬೀರ 'ಹೂಂ' ಎಂದಾಗ ನೆಗೆದು ಬೀಸಿದ. ಚೆಂಡು ಅಲ್ಲೇ ಇತ್ತು. ಮತ್ತೆ ಮತ್ತೆ ಮಾಡಿದ; ಪ್ರತಿ ಸಲವೂ ಅಲ್ಲೇ ಇತ್ತು. ಕೆಲವು ಸಂಜೆಗಳಾದ ಮೇಲೆ ಪಾಪ ಒಂದು ಕಣ್ಣು ತೆರೆದ, ಆಮೇಲೆ ಎರಡೂ. ತಾನು ಹೊಡೆದದ್ದು ಆಚೆ ಕಡೆ ಬಡಿಯುವುದನ್ನು ಮೊದಲ ಸಲ ಕಣ್ಣಾರೆ ಕಂಡ ದಿನ ಅವನು ಕಣದ ತುಂಬ ಓಡಿದ.

ಪಂದ್ಯದ ದಿನ ಮೋಡ ಕವಿದಿತ್ತು. ಮೂರ್ನಾಡಿನವರು ಬಾಡಿಗೆ ಲಾರಿಯಲ್ಲಿ ಹಾಡುತ್ತ ಬಂದಿಳಿದರು. ಕಣದ ಸುತ್ತ ಲೈನಿನ ಜನವೆಲ್ಲ ನೆರೆದಿತ್ತು. ಬಲೆಯ ಆಚೆ ಮೇಷ್ಟ್ರು, ಈಚೆ ಬೀರ.

"ಹೆಗಲು ಹೇಗುಂಟು?" ಎಂದು ಮೇಷ್ಟ್ರು ಬಲೆಯ ಕಣ್ಣಿನಿಂದ ಕೇಳಿದರು.

"ಗುಳಿ ಹಂಗೇ ಅದೆ. ಬಲ ಸೊಲ್ಪ ಬಂತು. ನಿಮ್ದು?"

"ನನ್ನದು ಹಳೇ ಗುಳಿ ಮಾರಾಯ, ಅದು ಹೋಗುವುದಿಲ್ಲ!"

ಮೊದಲ ಆಟ ಮೂರ್ನಾಡಿಗೆ, ಎರಡನೆಯದು ಪಾಲಿಬೆಟ್ಟಕ್ಕೆ. ಬೀರ 'ಹೂಂ' ಎಂದಾಗಲೆಲ್ಲ ಪಾಪ ಬಲೆಗಿಂತ ಮೊಳದುದ್ದ ಮೇಲೆದ್ದು ಚೆಂಡನ್ನು ಕೆಳಗೆ ಅಟ್ಟುತ್ತಿದ್ದ. ಕೊನೆಯ ಆಟ ಸಮಸಮವಾಗಿ ಸಾಗಿ ತುದಿ ಮುಟ್ಟಿದಾಗ, ಆಚೆಯಿಂದ ಬಂದ ಚೆಂಡು ಒಂದು ಸಲ ಬೀರನ ತಲೆಯ ಮೇಲೆಯೇ ಎತ್ತರಕ್ಕೆ, ನಿಧಾನಕ್ಕೆ ಬಂತು. ಹೊಡೆಯಲೆಂದೇ ಯಾರೋ ಇಟ್ಟುಕೊಟ್ಟ ಹಾಗಿತ್ತು.

"ಹೊಡಿಯೋ ಬೀರ! ಹೊಡಿ!" ಎಂದು ಇಡೀ ಲೈನ್ ಕೂಗಿತು. ಚೋಮನ ದನಿ ಎಲ್ಲಕ್ಕಿಂತ ಮೇಲಿತ್ತು.

ಬೀರನ ಕಾಲು ತಾನಾಗಿ ನೆಗೆಯಿತು. ಬಲಗೈ ಹಿಂದಕ್ಕೆ ಹೋಯಿತು. ಒಂದೇ ಒಂದು ಸಲ, ಎಂದಿತು ಮನಸ್ಸು. ಬಲೆಯಾಚೆ ಮೇಷ್ಟ್ರು ಅವನನ್ನೇ ನೋಡುತ್ತಿದ್ದರು. ಗಾಳಿಯಲ್ಲಿದ್ದಾಗಲೇ ಬೀರ ಎಡಗೈಯನ್ನೂ ಮೇಲೆ ತಂದು, ಹತ್ತು ಬೆರಳಲ್ಲಿ ಚೆಂಡನ್ನು ಪಕ್ಕಕ್ಕೆ ತೇಲಿಸಿ, "ಹೂಂ!" ಎಂದ. ಇವನೇ ಹೊಡೆಯುತ್ತಾನೆಂದು ಮೂರ್ನಾಡಿನವರೆಲ್ಲ ಇವನ ಕಡೆಗೇ ಸರಿದಿದ್ದರು. ಬಲೆಯ ಇನ್ನೊಂದು ತುದಿಯಲ್ಲಿ ಪಾಪ ಬೀಸಿದ ಏಟಿಗೆ ಅಡ್ಡ ಬರಲು ಯಾರೂ ಇರಲಿಲ್ಲ. ಚೆಂಡು ಗಾರೆಗೆ ಬಡಿದ ಸದ್ದು ಬಂಗಲೆಯವರೆಗೂ ಕೇಳಿಸಿತಂತೆ.

ಆ ಖುಷಿಯೇ ಪಾಪನ ತಲೆಗೇರಿತು. ಮುಂದಿನದನ್ನು ಅವನು ಎಷ್ಟು ಬಲವಾಗಿ ಬಾರಿಸಿದನೆಂದರೆ, ಚೆಂಡು ಬಲೆ, ಕಣ, ಜನ ಎಲ್ಲವನ್ನೂ ದಾಟಿ ಪಲ್ಪರ್ ಮನೆಯ ನೀರಿನ ತೊಟ್ಟಿಗೆ ಧುಮುಕಿತು. ಅದರ ಹಿಂದೆಯೇ ಇನ್ನೊಂದು ತಪ್ಪಾಯಿತು. ಪಾಲಿಬೆಟ್ಟ ಸೋತಿತು.

ಪಾಪ ಅಳುಮುಖ ಮಾಡಿಕೊಂಡು ನಿಂತ. ಬೀರನಿಗೆ ಮಾತ್ರ ನಗು ತಡೆಯಲಾಗಲಿಲ್ಲ. ಪಾಪನ ಬೆನ್ನು ತಟ್ಟಿ, "ತೊಟ್ಟಿಗಂಟ ಹೊಡ್ದಲ್ಲೋ! ನಾನೂ ಹೊಡ್ದಿರ್ನಿಲ್ಲ ಅಷ್ಟ್ ದೂರ," ಎಂದ. ನಗು ಅವನಿಂದ ಪಾಪನಿಗೆ, ಪಾಪನಿಂದ ಲೈನಿಗೆ, ಲೈನಿನಿಂದ ಮೂರ್ನಾಡಿನವರಿಗೆ ಹಬ್ಬಿತು. ಮಳೆ ಶುರುವಾಯಿತು. ಎಲ್ಲರೂ ಪಲ್ಪರ್ ಮನೆಗೆ ನುಗ್ಗಿದರು. ಬಂದವರಿಗೆ ಬಾಳೆಹಣ್ಣು, ಬೆಲ್ಲದ ಕಾಫಿ ಹಂಚಲು ಮುಂದೆ ನಿಂತವನು ಚೋಮ.

ಬೀರನ ಕೈಗೆ ಮುಂದಿನ ವರ್ಷದ ಹೊತ್ತಿಗೆ ಬಹುಪಾಲು ಬಲ ಮರಳಿತು. ಹೆಗಲ ಗುಳಿ ಮಾತ್ರ ಉಳಿಯಿತು. ಅವನು ಮತ್ತೆ ಮರ ಹತ್ತಲಿಲ್ಲ, ಚೆಂಡನ್ನು ಹೊಡೆಯಲೂ ಇಲ್ಲ. ನರ್ಸರಿಯಲ್ಲಿ ಅವನು ಎತ್ತಿ ನೆಟ್ಟ ಸಸಿ ಬಾಡುವುದು ಅಪರೂಪವಾಯಿತು. ಆಟಕ್ಕೆ ಹೊಸದಾಗಿ ಬಂದವರು ವಿಪರೀತ ಹೊಡೆಯುವುದನ್ನು ಕಂಡರೆ, "ಸಾಕು, ಕೈ ಇಳ್ಸು. ನಾಳೆನೂ ಚೆಂಡು ಇರ್ತದೆ," ಎಂದು ಗದರುತ್ತಿದ್ದ. ಪಾಪನನ್ನಂತೂ ವಾರಕ್ಕೊಮ್ಮೆ ಅಂಗಿ ಬಿಚ್ಚಿಸಿ, ಸ್ಟೂಲು ಹತ್ತಿ ನಿಂತು ಹೆಗಲು ಒತ್ತಿ ನೋಡುತ್ತಿದ್ದ.

ಕೆಲವು ವರ್ಷಗಳ ಮೇಲೆ ನಾಗೇಶ್ವರ ಮೇಷ್ಟ್ರಿಗೆ ಶ್ರೀಮಂಗಲಕ್ಕೆ ವರ್ಗವಾಯಿತು. ಅಲ್ಲಿಯೂ ಅವರು ಬಲೆ ಕಟ್ಟಿಸಿದರು. ಮೊದಲ ಪಂದ್ಯಕ್ಕೆ ಒಬ್ಬ ಆಟಗಾರ ಕಡಿಮೆ ಬಿದ್ದಾಗ ಪಾಲಿಬೆಟ್ಟಕ್ಕೆ ಹೇಳಿಕಳಿಸಿದರು. ಬೀರ ಬೆಳ್ಳಿಯನ್ನೂ ಕರೆದುಕೊಂಡು ಹೋದ. ಮೇಷ್ಟ್ರೂ ಬೀರನೂ ಒಂದೇ ಕಡೆ ಆಡಿದ್ದು ಅದೇ ಮೊದಲು. ಆಟ ಶುರುವಾಗುತ್ತಲೇ ಚೆಂಡು ಇಬ್ಬರ ನಡುವೆ ಸುಲಭವಾಗಿ ಮೇಲೆ ಬಂತು.

"ನೀನು ಹೊಡಿ!" ಎಂದರು ಮೇಷ್ಟ್ರು, ಎತ್ತಿಕೊಡಲು ಕೈ ಚಾಚಿ.

"ನೀವ್ ಹೊಡೀರಿ ಮೇಷ್ಟ್ರೇ, ನಾ ಕೊಡ್ತೀನಿ," ಎಂದ ಬೀರ, ತಾನೂ ಕೈ ಚಾಚಿ.

ಇಬ್ಬರ ಹಣೆಗಳೂ ಢೀ ಕೊಟ್ಟವು. ಚೆಂಡು ನಡುವೆ ಬಿದ್ದು ಮೆಲ್ಲಗೆ ಉರುಳಿ ಅಂಚಿನಲ್ಲಿ ಕುಳಿತಿದ್ದ ಬೆಳ್ಳಿಯ ಮಡಿಲು ಸೇರಿತು. ಅವಳು ಅದನ್ನೆತ್ತಿ, ಹಣೆ ಉಜ್ಜಿಕೊಳ್ಳುತ್ತಿದ್ದ ಇಬ್ಬರನ್ನೂ ನೋಡಿ, ಯಾರ ಕಡೆಗೆ ಎಸೆಯಲಿ ಎಂದು ಸ್ವಲ್ಪ ಹೊತ್ತು ಯೋಚಿಸಿದಳು.